ಹರಳು ಕೊಳ್ಳುವ ಮೊದಲು ನೋಡಲು ಕಲಿತದ್ದು

ಹರಳು ಸಂಗ್ರಹಿಸುತ್ತೇನೆ ಎಂದರೆ ನಮ್ಮ ಕಡೆಯ ಹೆಚ್ಚಿನವರಿಗೆ ಒಡವೆ ನೆನಪಾಗುತ್ತದೆ, ಇಲ್ಲವೇ ಜಾತಕ. ಯಾವ ರಾಶಿಗೆ ಯಾವ ಕಲ್ಲು, ಯಾವ ಬೆರಳಿಗೆ ಎಷ್ಟು ತೂಕ ಎಂಬ ಪ್ರಶ್ನೆಗಳೇ ಮೊದಲು ಬರುತ್ತವೆ. ನನ್ನನ್ನು ಎಳೆದದ್ದು ಈ ಎರಡೂ ಅಲ್ಲ. ಕೋಟ್ಯಂತರ ವರ್ಷಗಳ ಹಿಂದೆ ನೆಲದಾಳದ ಒತ್ತಡ ಮತ್ತು ಶಾಖದಲ್ಲಿ ರೂಪುಗೊಂಡ ಖನಿಜವೊಂದನ್ನು ಅಂಗೈಯಲ್ಲಿಟ್ಟುಕೊಂಡು, ಅದು ಏನೆಂಬುದನ್ನು ಯಾರನ್ನೂ ಕೇಳದೆ ನಾನೇ ತಿಳಿಯಲು ಸಾಧ್ಯವೇ ಎಂಬ ಕುತೂಹಲ ನನ್ನದಾಗಿತ್ತು. ದುಡ್ಡಿಲ್ಲದವರಿಗೆ ಈ ಹವ್ಯಾಸ ಅಲ್ಲ ಎಂದು ಹಲವರು ಹೇಳಿದ್ದರು. ಬೆಂಗಳೂರಿನಲ್ಲಿದ್ದುಕೊಂಡು, ಸಂಬಳದಲ್ಲಿ ಉಳಿಸಿದ ಸಣ್ಣ ಮೊತ್ತದಲ್ಲೇ ಇದನ್ನು ಆರಂಭಿಸಿ ಮುಂದುವರಿಸಬಹುದು ಎಂಬುದು ಈಗ ನನಗೆ ಖಚಿತವಾಗಿದೆ. ಶುರು ಮಾಡಬೇಕೆಂದಿರುವವರಿಗೆ ಉಪಯೋಗವಾಗಲೆಂದು ನಾನು ನಡೆದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರಂಭದಲ್ಲೇ ನನಗೆ ನಾನೇ ಕೆಲವು ಕಟ್ಟುಪಾಡು ಹಾಕಿಕೊಂಡೆ. ಮೊದಲ ವರ್ಷ ಯಾವುದೇ ಒಂದು ಹರಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಬಾರದು. ಉಂಗುರಕ್ಕೋ ಪದಕಕ್ಕೋ ಕೂರಿಸಿದ ಹರಳನ್ನು ಕೊಳ್ಳಬಾರದು. ಬಿಡಿ ಹರಳನ್ನೇ ಕೊಳ್ಳಬೇಕು. ಹಿಂಬದಿ ಮುಚ್ಚಿ ಕೂರಿಸಿದ ಒಡವೆಯಲ್ಲಿ ಹರಳಿನ ಕೆಳಗೆ ಬಣ್ಣದ ತಗಡಿಟ್ಟಿರುವ ಸಾಧ್ಯತೆ ಇರುತ್ತದೆ, ತೂಕವನ್ನಂತೂ ಸರಿಯಾಗಿ ತಿಳಿಯಲು ಆಗುವುದೇ ಇಲ್ಲ. ಮೂರನೆಯದಾಗಿ, ಚಿಕ್ಕದಾದ ದುಬಾರಿ ಹರಳಿಗಿಂತ ದೊಡ್ಡದಾದ ಅಗ್ಗದ ಹರಳನ್ನು ಆರಿಸಬೇಕು. ಈ ಮೂರನೆಯ ಕಟ್ಟುಪಾಡಿನ ಬೆಲೆ ಏನೆಂಬುದು ತೂಕ ಮಾಡಲು ಕುಳಿತಾಗ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಖರ್ಚು ಹರಳಿನ ಮೇಲೆ ಆಗಲಿಲ್ಲ, ಲೂಪ್‌ನ ಮೇಲೆ ಆಯಿತು. ಅಕ್ಕಸಾಲಿಗರು ಕಣ್ಣಿಗೆ ಹಚ್ಚಿಕೊಳ್ಳುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಈ ಪುಟ್ಟ ಮಸೂರದಲ್ಲಿ ಮೂರು ಗಾಜುಗಳನ್ನು ಅಂಟಿಸಿ ಮಾಡಿದ್ದನ್ನೇ ಕೇಳಿ ಪಡೆಯಬೇಕು. ಒಂಟಿ ಗಾಜಿನದಾದರೆ ಅಂಚಿನಲ್ಲಿ ಇಲ್ಲದ ಬಣ್ಣಗಳು ಕಾಣಿಸಿಕೊಂಡು ದಾರಿ ತಪ್ಪಿಸುತ್ತವೆ. ಅದನ್ನು ಹಿಡಿಯುವ ರೀತಿಯನ್ನು ತೋರಿಸಿಕೊಟ್ಟವರು ನಗರ್ತಪೇಟೆಯ ಓಣಿಯೊಂದರಲ್ಲಿ ಕೆಲಸ ಮಾಡುವ ಹಿರಿಯ ಆಚಾರ್ರು. ಅವರು ನಮ್ಮ ಮನೆಯ ಒಡವೆಗಳನ್ನು ಹಿಂದಿನಿಂದಲೂ ರಿಪೇರಿ ಮಾಡಿಕೊಡುತ್ತಿದ್ದವರು. "ಕಲ್ಲನ್ನ ಹತ್ತಿರ ತರಬೇಕಮ್ಮ, ಕಣ್ಣನ್ನ ಅದರ ಹತ್ತಿರ ತಗೊಂಡು ಹೋಗಬಾರದು" ಎಂದು ಹೇಳಿ, ಲೂಪನ್ನು ಕಣ್ಣಿಗೆ ತಾಗುವಷ್ಟು ಸಮೀಪ ಇಡಿಸಿ, ಚಿಮಟದಲ್ಲಿ ಹಿಡಿದ ಹರಳನ್ನು ಎರಡೂವರೆ ಸೆಂಟಿಮೀಟರಿನಷ್ಟು ದೂರದಲ್ಲಿ ನಿಲ್ಲಿಸಲು ಹೇಳಿದರು. ಎರಡೂ ಮೊಣಕೈ ಮೇಜಿನ ಮೇಲೂರಿರಬೇಕು, ಎರಡೂ ಕಣ್ಣು ತೆರೆದಿರಬೇಕು, ಬೆಳಕು ಪಕ್ಕದಿಂದ ಬೀಳಬೇಕು, ಹಿಂದೆ ಕಪ್ಪು ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಕೈ ನಡುಗದೆ ಹರಳಿನ ಒಳಗಿನ ಒಂದು ಚುಕ್ಕೆಯ ಮೇಲೆ ದೃಷ್ಟಿ ನಿಲ್ಲಿಸುವುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಬಂದ ಮೇಲೆ ಒಂದು ಹೊಸ ಲೋಕವೇ ತೆರೆದುಕೊಳ್ಳುತ್ತದೆ: ಸೂಜಿಗಳು, ಮೋಡದಂಥ ಮಬ್ಬು, ಬೆರಳಚ್ಚಿನಂತೆ ಹರಡಿರುವ ದ್ರವದ ಹನಿಗಳು, ಬೇರೊಂದು ಖನಿಜದ ಪುಟ್ಟ ಹರಳುಗಳು.

ಕೊಳ್ಳುವ ಮೊದಲು ಮನೆಯಲ್ಲಿದ್ದದ್ದನ್ನೇ ನೋಡಿದೆ. ತಂದೆಯವರ ಹಳೆಯ ಎಚ್‌ಎಂಟಿ ಜನತಾ ಗಡಿಯಾರವನ್ನು ಸರ್ವೀಸಿಗೆ ಕೊಟ್ಟಿದ್ದಾಗ, ರಿಪೇರಿಯವರ ಅನುಮತಿ ಕೇಳಿ ಅದರ ಯಂತ್ರವನ್ನು ಲೂಪ್‌ನಲ್ಲಿ ನೋಡಿದೆ. ಡಯಲಿನ ಮೇಲೆ ಬರೆದಿರುವ 17 ಜ್ಯುಯೆಲ್ಸ್ ಎಂದರೆ ಚಕ್ರಗಳ ಅಚ್ಚುಗಳು ತಿರುಗಲು ಇಟ್ಟಿರುವ ಕೆಂಪು ಕಲ್ಲಿನ ಬೇರಿಂಗುಗಳು. ಲೋಹದ ನಡುವೆ ಅವು ಗುಲಾಬಿ ಬಣ್ಣದ ಚುಕ್ಕೆಗಳಾಗಿ ಹೊಳೆಯುತ್ತಿದ್ದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ನಮ್ಮ ಊರಿನಲ್ಲೇ ತಯಾರಾಗತೊಡಗಿದ ಆ ಗಡಿಯಾರಗಳ ಮೂಲಕ ಎಷ್ಟೋ ಸಾಮಾನ್ಯ ಕುಟುಂಬಗಳ ಮನೆಗೆ ಮಾಣಿಕ್ಯ ಬಂದಿತ್ತು, ಆದರೆ ಅದು ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಗುಸ್ಟ್ ವೆರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮಾಣಿಕ್ಯದ ಮೂಲವಸ್ತುವಾದ ಅಲ್ಯೂಮಿನಾದ ಪುಡಿಯನ್ನು ಉರಿಯುವ ಜ್ವಾಲೆಯ ಮೂಲಕ ಉದುರಿಸುತ್ತಾರೆ. ಕರಗಿದ ಹನಿಗಳು ಕೆಳಗಿನ ಕಂಬದ ತುದಿಯಲ್ಲಿ ಪದರ ಪದರವಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ರಾಸಾಯನಿಕವಾಗಿ ಇದು ಅಪ್ಪಟ ಮಾಣಿಕ್ಯವೇ. ಗಡಸುತನ, ಸಾಂದ್ರತೆ ಎಲ್ಲವೂ ಗಣಿಯ ಮಾಣಿಕ್ಯದಷ್ಟೇ. ವ್ಯತ್ಯಾಸ ಕಾಣುವುದು ಒಳಗಿನ ಬೆಳವಣಿಗೆಯ ಗೆರೆಗಳಲ್ಲಿ. ಆಚಾರ್ರ ಬಳಿ ಇದ್ದ ಒಂದು ದೊಡ್ಡ ಕೃತಕ ಕೆಂಪು ಹರಳನ್ನು ನಿಧಾನವಾಗಿ ಓರೆ ಮಾಡುತ್ತಾ ಹೋದಾಗ, ಗ್ರಾಮಫೋನ್ ತಟ್ಟೆಯ ಗೀರುಗಳಂತೆ ಬಾಗಿದ ಗೆರೆಗಳು ಒಂದು ಕ್ಷಣ ಕಂಡು ಮರೆಯಾದವು. ನೆಲದಲ್ಲಿ ಬೆಳೆದ ಮಾಣಿಕ್ಯದಲ್ಲಿ ಆ ಗೆರೆಗಳು ನೇರವಾಗಿರುತ್ತವೆ, ಕೋನಗಳಲ್ಲಿ ತಿರುಗುತ್ತವೆ, ಎಂದಿಗೂ ಬಾಗುವುದಿಲ್ಲ.

ಓದಿಗಾಗಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಪದವಿ ತರಗತಿಯ ಖನಿಜಶಾಸ್ತ್ರದ ಪಠ್ಯಗಳನ್ನು ಹುಡುಕಿ ತಂದೆ. ರತ್ನಗಳ ಬಗ್ಗೆ ಬಣ್ಣಬಣ್ಣದ ಚಿತ್ರಗಳಿರುವ ದುಬಾರಿ ಪುಸ್ತಕಗಳಿಗಿಂತ ಈ ಪಠ್ಯಗಳು ಹೆಚ್ಚು ಕೆಲಸಕ್ಕೆ ಬಂದವು ಎಂದು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಒಂದೊಂದು ಖನಿಜದ ಗಡಸುತನ, ಸಾಂದ್ರತೆ, ಹರಳಿನ ಆಕಾರ, ಸೀಳುವ ದಿಕ್ಕು ಇವೆಲ್ಲವೂ ಅಲ್ಲಿ ಒಂದೇ ಕಡೆ ಸಿಗುತ್ತವೆ.

ಮೊದಲ ಹರಳುಗಳನ್ನು ತಂದದ್ದು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಮತ್ತು ಶಿವಾಜಿನಗರ ಕಡೆಯ ಜ್ಯುಯೆಲರ್ಸ್ ಸ್ಟ್ರೀಟ್ ಸುತ್ತಮುತ್ತ. ಬಿಡಿ ಹರಳು ಮಾರುವವರು ಸರಕನ್ನು ಮಡಿಸಿದ ಕಾಗದದ ಪೊಟ್ಟಣಗಳಲ್ಲಿ ಇಟ್ಟಿರುತ್ತಾರೆ. ಬಿಚ್ಚಿದರೆ ಒಳಗೆ ಒಂದೇ ಬಗೆಯ ಹತ್ತಾರು ಹರಳುಗಳು. ಬೆಳಗಿನ ಹೊತ್ತು, ಗಿರಾಕಿಗಳು ಕಡಿಮೆ ಇರುವಾಗ ಹೋಗಿ, ಒಡವೆಗಲ್ಲ, ಕಲಿಯುವುದಕ್ಕೆ ಬೇಕು ಎಂದು ನೇರವಾಗಿ ಹೇಳಿದರೆ ಹೆಚ್ಚಿನವರು ಸಹನೆಯಿಂದ ತೋರಿಸುತ್ತಾರೆ. ಒಡವೆಗೆ ಆಗದ, ಒಳಗೆ ಕಲೆಯಿರುವ ಹರಳುಗಳೇ ನಮಗೆ ಬೇಕಾದವು, ಅವು ಅಗ್ಗವೂ ಹೌದು. ಕಡುಗೆಂಪಿನ ಗಾರ್ನೆಟ್, ನೇರಳೆಯ ಅಮೆಥಿಸ್ಟ್, ಹಳದಿಯ ಸಿಟ್ರಿನ್, ಒಳಗಿನಿಂದ ನೀಲಿ ಬೆಳಕು ತೇಲುವ ಚಂದ್ರಕಾಂತ ಶಿಲೆ ಹೀಗೆ ಒಂದೊಂದಾಗಿ ಬಂದವು. ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ನಡೆಯುವ ಕರಕುಶಲ ಮೇಳಗಳಲ್ಲೂ ಅಗೇಟ್ ಎಂಬ ಕಲ್ಲಿನ ಮಣಿಗಳು ಸಿಗುತ್ತವೆ. ಗುಜರಾತಿನ ಖಂಭಾತ್ ಈ ಮಣಿಗಳಿಗೆ ಹಿಂದಿನಿಂದಲೂ ಹೆಸರಾದ ಊರು. ಅಲ್ಲಿ ಕಲ್ಲನ್ನು ಕಾಯಿಸಿದಾಗ ಅದರೊಳಗಿನ ಕಬ್ಬಿಣದ ಅಂಶ ಬದಲಾಗಿ ಮಂಕು ಕಲ್ಲು ಕೆಂಪೇರುತ್ತದೆ.

ಕಾಯಿಸುವ ಈ ವಿಷಯವನ್ನು ಹೊಸಬರು ಮೊದಲೇ ತಿಳಿದಿರುವುದು ಒಳ್ಳೆಯದು. ಮಾರುಕಟ್ಟೆಯ ಸಿಟ್ರಿನ್‌ಗಳಲ್ಲಿ ಬಹುಪಾಲು ಮೂಲತಃ ಅಮೆಥಿಸ್ಟ್. ಶಾಖ ಕೊಟ್ಟಾಗ ನೇರಳೆ ಹೋಗಿ ಹಳದಿಯಾಗುತ್ತದೆ. ಎರಡೂ ನಮ್ಮ ಹೊಲಗಳಲ್ಲಿ ಬಿದ್ದಿರುವ ಬೆಣಚುಕಲ್ಲಿನ ಬಗೆಗಳೇ, ಬಣ್ಣ ಕೊಡುವುದು ಅತ್ಯಲ್ಪ ಪ್ರಮಾಣದ ಕಬ್ಬಿಣ. ನೀಲಿ ಟೋಪಾಜ್‌ನ ಬಣ್ಣವೂ ಹೆಚ್ಚಾಗಿ ವಿಕಿರಣ ಮತ್ತು ಶಾಖದಿಂದ ಬಂದದ್ದು. ಇವುಗಳನ್ನು ನಾನು ಮೋಸವೆಂದು ಎಣಿಸುವುದಿಲ್ಲ. ಹೇಳಿ ಮಾರಿದರೆ ಅದು ವ್ಯಾಪಾರ, ಮುಚ್ಚಿಟ್ಟು ಮಾರಿದರೆ ಮಾತ್ರ ಮೋಸ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸಾಪೇಕ್ಷ ಸಾಂದ್ರತೆಯ ಅಳತೆ, ಅಂದರೆ ಹರಳು ತನ್ನಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ. ಎಸ್‌ಪಿ ರಸ್ತೆಯಲ್ಲಿ ಕೊಂಡ, ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಒಂದು ಎಳೆ ತೆಳ್ಳನೆಯ ದಾರ ಇಷ್ಟಿದ್ದರೆ ಸಾಕು. ಮೊದಲು ಹರಳನ್ನು ಹಾಗೆಯೇ ತೂಗಬೇಕು. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಹರಳನ್ನು ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಅಂಕಿ ಹರಳು ಸರಿಸಿದ ನೀರಿನ ತೂಕ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ನನ್ನ ದೊಡ್ಡ ಗಾರ್ನೆಟ್ 3.36 ಗ್ರಾಂ ತೂಗಿತು, ನೀರಿನಲ್ಲಿ 0.80 ತೋರಿಸಿತು, ಭಾಗಿಸಿದಾಗ 4.2 ಬಂತು. ಕಬ್ಬಿಣ ಹೆಚ್ಚಿರುವ ಆಲ್ಮಂಡೈನ್ ಎಂಬ ಗಾರ್ನೆಟ್‌ಗೆ ಅದು ಸರಿಹೊಂದುವ ಅಂಕಿ. ಬೆಣಚುಕಲ್ಲಿನ ಬಳಗಕ್ಕೆ 2.65, ಮಾಣಿಕ್ಯ ಮತ್ತು ನೀಲಕ್ಕೆ 4.0, ಟೋಪಾಜ್‌ಗೆ 3.5ರ ಆಸುಪಾಸು. ಹರಳಿಗೆ ಗಾಳಿಯ ಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ಆದ್ದರಿಂದ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿಕೊಳ್ಳುತ್ತೇನೆ.

ದೊಡ್ಡ ಅಗ್ಗದ ಹರಳನ್ನೇ ಆರಿಸಬೇಕೆಂದು ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಒಂದು ಕ್ಯಾರೆಟ್ಟಿನ ಮಾಣಿಕ್ಯ ಸರಿಸುವ ನೀರು 0.05 ಗ್ರಾಂ ಮಾತ್ರ; ತಕ್ಕಡಿ ಒಂದೇ ಒಂದು ಅಂಕಿ ಆಚೀಚೆಯಾದರೂ ಉತ್ತರ 3.3ರಿಂದ 5ರವರೆಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಹದಿನೈದು ಕ್ಯಾರೆಟ್ಟಿನ ಗಾರ್ನೆಟ್‌ನಲ್ಲಿ ಅದೇ ತಪ್ಪು ಲೆಕ್ಕಕ್ಕೇ ಬರುವುದಿಲ್ಲ.

ಇದರ ಜೊತೆಗೆ ಇನ್ನೆರಡು ಸುಲಭ ಉಪಾಯಗಳಿವೆ. ಥರ್ಮೋಕೋಲಿನ ಚೂರೊಂದನ್ನು ನೀರಿನ ಮೇಲೆ ತೇಲಿಬಿಟ್ಟು, ಅದರ ಮೇಲೆ ಹರಳನ್ನಿಟ್ಟು, ಬಲವಾದ ನಿಯೋಡಿಮಿಯಮ್ ಅಯಸ್ಕಾಂತವನ್ನು ಹತ್ತಿರ ತಂದರೆ ಗಾರ್ನೆಟ್ ತನ್ನ ತೆಪ್ಪದೊಂದಿಗೆ ಅಯಸ್ಕಾಂತದ ಕಡೆಗೆ ಸಾಗಿ ಬರುತ್ತದೆ, ಮಾಣಿಕ್ಯ ಅಲುಗುವುದಿಲ್ಲ. ಎರಡನೆಯದಕ್ಕೆ ಲ್ಯಾಪ್‌ಟಾಪಿನ ಬಿಳಿ ಪರದೆ ಮತ್ತು ಪೋಲರಾಯ್ಡ್ ತಂಪು ಕನ್ನಡಕ ಬೇಕು. ಕನ್ನಡಕದ ಗಾಜನ್ನು ಪರದೆಯ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೂ ತಿರುಗಿಸಿ ನಿಲ್ಲಿಸಿ, ನಡುವೆ ಹರಳನ್ನು ಹಿಡಿದು ಅದನ್ನು ಮಾತ್ರ ಸುತ್ತಿಸಬೇಕು. ಅಮೆಥಿಸ್ಟ್ ಒಂದು ಪೂರ್ಣ ಸುತ್ತಿನಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಆರುತ್ತದೆ, ಏಕೆಂದರೆ ಅದು ಬೆಳಕಿನ ಕಿರಣವನ್ನು ಎರಡಾಗಿ ಸೀಳುತ್ತದೆ. ಗಾಜು ಹೆಚ್ಚಾಗಿ ಕತ್ತಲಾಗಿಯೇ ಉಳಿಯುತ್ತದೆ, ಗಾರ್ನೆಟ್ ಕೂಡ. ಬೆಳಕನ್ನು ಹೀಗೆ ಸೀಳುವ ಹರಳುಗಳಲ್ಲೂ ಕತ್ತಲಾಗಿಯೇ ಉಳಿಯುವ ಒಂದು ದಿಕ್ಕು ಇರುವುದರಿಂದ ಹರಳನ್ನು ಮೂರು ನಾಲ್ಕು ಮಗ್ಗುಲಿನಲ್ಲಿ ಹಿಡಿದು ನೋಡಿದ ಮೇಲೆಯೇ ತೀರ್ಮಾನಿಸಬೇಕು.

ಈ ಪರೀಕ್ಷೆಗಳೆಲ್ಲ ಒಟ್ಟಿಗೆ ಬಳಕೆಗೆ ಬಂದದ್ದು ನಮ್ಮ ಚಿಕ್ಕಮ್ಮನ ಗೋಮೇಧಿಕದ ವಿಷಯದಲ್ಲಿ. ಗೋಮೇಧಿಕ ಎಂದರೆ ಹೆಸ್ಸೊನೈಟ್ ಎಂಬ ಗಾರ್ನೆಟ್, ಜೇನಿನ ಬಣ್ಣದ್ದು. ಅವರಿಗೆ ಯಾರೋ ಹೇಳಿ ಮಾಡಿಸಿಕೊಟ್ಟಿದ್ದ ಉಂಗುರ ಅದು. ನಾನು ಹರಳು ನೋಡುವುದನ್ನು ಕಂಡು, "ನಂದೂ ಒಂದ್ಸಲ ನೋಡೇ" ಎಂದು ಬೆರಳಿನಿಂದ ಕಳಚಿ ಕೊಟ್ಟರು. ಲೂಪ್‌ನಲ್ಲಿ ಒಳಗೆ ಸುಳಿಸುಳಿಯಾದ ಹರಿವು ಕಂಡಿತು. ಅಸಲಿ ಗೋಮೇಧಿಕದಲ್ಲೂ ಪಾಕ ಕಲಕಿದಂಥ ನೋಟ ಇರುವುದರಿಂದ ಅದರಿಂದ ಏನನ್ನೂ ಹೇಳುವಂತಿರಲಿಲ್ಲ. ಆದರೆ ಒಂದು ಮೂಲೆಯಲ್ಲಿ ಎರಡು ಗುಂಡನೆಯ ಚುಕ್ಕೆಗಳಿದ್ದವು, ಅಂಚು ಕಪ್ಪಾಗಿ ಎದ್ದು ಕಾಣುತ್ತಿತ್ತು. ಗೋಮೇಧಿಕದೊಳಗೆ ಸಿಗುವ ಬೇರೆ ಖನಿಜದ ಹರಳುಗಳು ದುಂಡಗಿದ್ದರೂ ಅಂಚು ಅಷ್ಟು ಗಾಢವಾಗಿರುವುದಿಲ್ಲ. ಇವು ಗಾಳಿಯ ಗುಳ್ಳೆಗಳಂತೆಯೇ ತೋರಿದವು. ಸಾಣೆ ಹಿಡಿದ ಮುಖಗಳ ಅಂಚುಗಳೂ ಸವೆದು ದುಂಡಾಗಿದ್ದವು. ಪೋಲರಾಯ್ಡ್ ಇಲ್ಲಿ ಪ್ರಯೋಜನವಿಲ್ಲ, ಗಾಜು ಮತ್ತು ಗಾರ್ನೆಟ್ ಎರಡೂ ಕತ್ತಲೆಯೇ. ಚಿಕ್ಕಮ್ಮನ ಒಪ್ಪಿಗೆ ಪಡೆದು ಉಂಗುರವನ್ನು ಆಚಾರ್ರ ಬಳಿಗೆ ಒಯ್ದೆ. ಅವರು ಹರಳನ್ನು ತುಟಿಗೆ ತಾಗಿಸಿ, "ಕಲ್ಲಾದ್ರೆ ತಣ್ಣಗಿರುತ್ತಮ್ಮ, ಇದು ಬೆಚ್ಚಗೈತೆ" ಎಂದರು. ಹರಳುಗಳು ಗಾಜಿಗಿಂತ ಬೇಗ ಶಾಖವನ್ನು ಎಳೆದುಕೊಳ್ಳುವುದರಿಂದ ಆ ಹಳೆಯ ಪರೀಕ್ಷೆಗೆ ಆಧಾರವಿದೆ. ಬಿಡಿಸಿ ತೂಗಿದಾಗ 1.26 ಗ್ರಾಂ, ನೀರಿನಲ್ಲಿ 0.50. ಉತ್ತರ 2.52. ಹೆಸ್ಸೊನೈಟ್ 3.6ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಅಯಸ್ಕಾಂತಕ್ಕೂ ಅದು ಓಗೊಡಲಿಲ್ಲ.

ಅದನ್ನು ಚಿಕ್ಕಮ್ಮನಿಗೆ ಹೇಳುವುದು ತೂಗುವುದಕ್ಕಿಂತ ಕಷ್ಟವಾಗಿತ್ತು. ಕಂಡದ್ದನ್ನು ಕಂಡ ಹಾಗೆ, ಅಂಕಿಗಳನ್ನು ಬರೆದು ತೋರಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿನ್ನವಾದರೂ ಅಸಲಿ ತಾನೇ ಎಂದು ಕೇಳಿ, ಹರಳನ್ನು ನನಗೇ ಕೊಟ್ಟುಬಿಟ್ಟರು. ಗಾಜಿನ ಮಾದರಿಯಾಗಿ ಅದು ನನ್ನ ಸಂಗ್ರಹದಲ್ಲಿದೆ. ಹೊಸಬರಿಗೆ ಗುಳ್ಳೆ ಹೇಗಿರುತ್ತದೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ವಸ್ತು ನನ್ನಲ್ಲಿಲ್ಲ. ಯಾರಾದರೂ ಕೇಳದೆ ಅವರ ಮೈಮೇಲಿನ ಹರಳಿನ ಬಗ್ಗೆ ಮಾತನಾಡಬಾರದೆಂದು ಮಾತ್ರ ಅಂದಿನಿಂದ ಪಾಲಿಸುತ್ತಿದ್ದೇನೆ.

ಮಾಣಿಕ್ಯದ ಆಸೆಯಿಂದ ಅಂಗಡಿಗೆ ಹೋಗುವವರು ಸೀಸದ ಗಾಜು ತುಂಬಿದ ಮಾಣಿಕ್ಯದ ಬಗ್ಗೆ ತಿಳಿದಿರಲೇಬೇಕು. ಬಿರುಕುಗಳಿಂದ ತುಂಬಿದ, ಬೆಲೆಯಿಲ್ಲದ ಕಲ್ಲಿನ ಬಿರುಕುಗಳಿಗೆ ಕರಗಿದ ಗಾಜನ್ನು ತುಂಬಿದಾಗ ಅದು ಸ್ವಚ್ಛವಾಗಿ, ಕೆಂಪಾಗಿ, ದೊಡ್ಡದಾಗಿ ಕಾಣುತ್ತದೆ. ಲೂಪ್‌ನಡಿ ಓರೆ ಮಾಡಿದರೆ ಬಿರುಕಿನ ಉದ್ದಕ್ಕೂ ನೀಲಿಯ ಮಿಂಚು ಹಾಯುತ್ತದೆ, ಗಾಜಿನೊಳಗೆ ಚಪ್ಪಟೆ ಗುಳ್ಳೆಗಳು ಕಾಣುತ್ತವೆ. ಇಂಥ ಹರಳಿಗೆ ಅಕ್ಕಸಾಲಿಗನ ಬೆಂಕಿಯೂ ಆಗದು, ನಿಂಬೆರಸವೂ ಆಗದು. ನಾನು ಒಂದನ್ನು ಮಾದರಿಗಾಗಿ ಕೊಂಡಾಗ ಬಿಲ್ಲಿನಲ್ಲಿ ಗಾಜು ತುಂಬಿದ್ದು ಎಂದೇ ಬರೆಸಿಕೊಂಡೆ. ಬರೆದುಕೊಡಲು ಹಿಂಜರಿಯುವ ಕಡೆ ಕೊಳ್ಳದಿರುವುದೇ ಲೇಸು.

ಇಷ್ಟೆಲ್ಲ ಕಲಿತ ಮೇಲೆ ನನ್ನ ಮನಸ್ಸು ನಮ್ಮ ನಾಡಿನ ಕಲ್ಲುಗಳ ಕಡೆಗೆ ತಿರುಗಿತು, ಈಗಲೂ ಅಲ್ಲಿಯೇ ಇದೆ. ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯ ಜಗತ್ತಿನ ಸಂಗ್ರಾಹಕರಿಗೆಲ್ಲ ಪರಿಚಿತ. ಬೆಳಕು ತೂರದ, ಕಂದು ಇಲ್ಲವೇ ನೇರಳೆ ಬೆರೆತ ಕೆಂಪಿನ ಈ ಕಲ್ಲು ಮೊದಲ ನೋಟಕ್ಕೆ ಏನೂ ಅನ್ನಿಸುವುದಿಲ್ಲ. ಗುಮ್ಮಟದ ಆಕಾರಕ್ಕೆ ಸಾಣೆ ಹಿಡಿದು, ಒಂದೇ ಒಂದು ದೀಪದ ಕೆಳಗೆ ಇಟ್ಟಾಗ ಆರು ಕಿರಣಗಳ ನಕ್ಷತ್ರ ಏಳುತ್ತದೆ. ದೀಪವನ್ನು ಸರಿಸಿದರೆ ನಕ್ಷತ್ರವೂ ಗುಮ್ಮಟದ ಮೇಲೆ ಸರಿಯುತ್ತದೆ. ಕಲ್ಲಿನೊಳಗೆ ಮೂರು ದಿಕ್ಕುಗಳಲ್ಲಿ, ಒಂದಕ್ಕೊಂದು 60 ಡಿಗ್ರಿ ಕೋನದಲ್ಲಿ ಸಾಲಾಗಿ ನಿಂತಿರುವ ಅತಿ ಸೂಕ್ಷ್ಮ ಸೂಜಿಗಳು ಬೆಳಕನ್ನು ಚೆಲ್ಲುವುದರಿಂದ ಹೀಗಾಗುತ್ತದೆ. 1947ರಿಂದ ಅಮೆರಿಕದಲ್ಲಿ ಕೃತಕ ನಕ್ಷತ್ರ ಮಾಣಿಕ್ಯಗಳೂ ತಯಾರಾದವು. ಅವುಗಳ ಕಿರಣಗಳು ಗೆರೆ ಎಳೆದಷ್ಟು ಚೂಪಾಗಿ, ನಕ್ಷತ್ರ ಮೇಲ್ಮೈಯಲ್ಲೇ ಅಂಟಿಸಿದಂತೆ ಕಾಣುತ್ತದೆ. ನನ್ನ ಕಲ್ಲಿನ ನಕ್ಷತ್ರದ ಒಂದು ಕಿರಣ ತುಸು ಮೊಂಡು, ನಡುಭಾಗ ಸರಿಯಾದ ಮಧ್ಯದಲ್ಲಿಲ್ಲ. ಅದಕ್ಕಾಗಿಯೇ ಅದನ್ನು ಆರಿಸಿದೆ. ಮಾಣಿಕ್ಯ ಯಾವ ಖನಿಜದ ಬಗೆಯೋ ಆ ಕುರುಂದದ, ಸಾಣೆ ಹಿಡಿಯದ ಹರಳೊಂದನ್ನೂ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಆರು ಮೂಲೆಯ ಆ ಕಂಬವನ್ನು ನೋಡಿದರೆ ನಕ್ಷತ್ರಕ್ಕೆ ಆರೇ ಕಿರಣ ಏಕೆ ಎಂಬುದಕ್ಕೆ ವಿವರಣೆ ಬೇಕಾಗುವುದಿಲ್ಲ.

ಹೊರಗೆ ಹೋಗಿ ಕಲ್ಲು ಆಯುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಮೊದಲು ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ನೋಡುವುದನ್ನು ರೂಢಿಸಿಕೊಂಡೆ. ಸುಮಾರು 300 ಕೋಟಿ ವರ್ಷ ಹಳೆಯದಾದ, ನೈಸ್ ಎಂಬ ಪಟ್ಟೆಪಟ್ಟೆಯ ಈ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಒಂದು ಚೂರನ್ನೂ ತೆಗೆಯುವಂತಿಲ್ಲ, ತೆಗೆಯಲೂಬಾರದು. ಆದರೆ ಬೆಣಚು, ಫೆಲ್ಡ್‌ಸ್ಪಾರ್, ಕರಿಯ ಕಾಗೆಬಂಗಾರ ಇವನ್ನು ಬಿಳಿ ಮತ್ತು ಕಪ್ಪು ಪಟ್ಟೆಗಳಲ್ಲಿ ಬೇರೆ ಬೇರೆಯಾಗಿ ಗುರುತಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಊರಿನೊಳಗೆ ಇಲ್ಲ. ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ, ಪದರಪದರವಾಗಿ ಏಳುವ ಶಿಸ್ಟ್ ಶಿಲೆಗಳಲ್ಲಿ ಗಾರ್ನೆಟ್, ಕಯನೈಟ್, ಸ್ಟಾರೊಲೈಟ್ ಎಂಬ ಖನಿಜಗಳು ಸಿಗುತ್ತವೆ ಎಂಬುದು ಭೂವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಹೊಲವೆಂದರೆ ಹೊಲದವರನ್ನು, ಕ್ವಾರಿಯೆಂದರೆ ಅದರ ಮಾಲೀಕರನ್ನು ಕೇಳಿಯೇ ಕಾಲಿಡಬೇಕು, ಕಾಡಿನಲ್ಲಂತೂ ಏನನ್ನೂ ಎತ್ತಿಕೊಳ್ಳಬಾರದು. ಗವಿಪುರದಲ್ಲಿರುವ, 1958ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸಂಘದ ಪ್ರಕಟಣೆಗಳು ಯಾವ ಸೀಮೆಯಲ್ಲಿ ಯಾವ ಶಿಲೆ ಎಂಬುದನ್ನು ತಿಳಿಯಲು ನೆರವಾಗುತ್ತವೆ.

ಹರಳುಗಳನ್ನು ಒಂದೇ ಡಬ್ಬಿಯಲ್ಲಿ ಸುರಿದಿಡಬಾರದು. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ ಅವರು 1812ರಲ್ಲಿ ರೂಪಿಸಿದ ಗಡಸುತನದ ಮಾಪಕದಲ್ಲಿ ಮಾಣಿಕ್ಯ 9, ಬೆಣಚು 7, ಚಂದ್ರಕಾಂತ ಶಿಲೆ 6ರ ಸುಮಾರು. ಹೆಚ್ಚು ಗಡಸಿನದು ಕಡಿಮೆಯದನ್ನು ಗೀರುತ್ತದೆ. ನಮ್ಮ ರಸ್ತೆಗಳ ಧೂಳಿನಲ್ಲೂ ಬೆಣಚಿನ ಕಣಗಳಿರುವುದರಿಂದ ಮೆದು ಹರಳನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಹೋಗುತ್ತದೆ, ಮೊದಲು ನೀರಿನಲ್ಲಿ ತೊಳೆಯಬೇಕು. ಅಮೆಥಿಸ್ಟ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಕಿಟಕಿಯ ಬಳಿ ಇಡುವಂತಿಲ್ಲ.

ಪ್ರತಿಯೊಂದು ಹರಳಿಗೂ ಒಂದು ಸಂಖ್ಯೆ ಕೊಟ್ಟು, ಎಲ್ಲಿ ಕೊಂಡದ್ದು, ಮಾರಿದವರು ಏನೆಂದು ಹೇಳಿದರು, ತೂಕ, ಸಾಂದ್ರತೆ, ಲೂಪ್‌ನಲ್ಲಿ ಕಂಡದ್ದು, ನನ್ನ ತೀರ್ಮಾನ ಇಷ್ಟನ್ನೂ ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಕೊನೆಯ ಕಾಲಂ ಅನುಮಾನಗಳದ್ದು. ಕಾರ್ಖಾನೆಯಲ್ಲಿ ಬೆಳೆಸಿದ ಅಮೆಥಿಸ್ಟನ್ನು ಗಣಿಯದರಿಂದ ಬೇರ್ಪಡಿಸಲು ನನ್ನ ಮೇಜಿನ ಮೇಲಿನ ಯಾವ ಪರೀಕ್ಷೆಯೂ ಸಾಲದು. ಪ್ರಯೋಗಾಲಯಕ್ಕೆ ಕಳುಹಿಸಿದರೆ ಶುಲ್ಕ ಹರಳಿನ ಬೆಲೆಯನ್ನು ಮೀರುತ್ತದೆ. ಹೀಗಾಗಿ ನನ್ನ ಅಮೆಥಿಸ್ಟ್‌ಗಳ ಮುಂದೆಲ್ಲ ಮೂಲ ಖಚಿತವಿಲ್ಲ ಎಂದು ಬರೆದಿದೆ. ನಕ್ಷತ್ರ ಮಾಣಿಕ್ಯವೊಂದನ್ನು ಮಾತ್ರ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದಿದ್ದೇನೆ. ಅದರ ವರದಿ ಬಂದ ಮೇಲೆ ವಕ್ರೀಭವನ ಅಳೆಯುವ ಉಪಕರಣಕ್ಕೆ ದುಡ್ಡು ಕೂಡಿಸಬೇಕು, ಹಾಗೆಯೇ ಕುರುಂದದ ಇನ್ನೊಂದು ತುಂಡಿಗೆ ಸಾಣೆ ಹಿಡಿಯುವುದನ್ನು ಕಲಿಯಬೇಕು; ಕಲಿಸುವವರನ್ನು ಗೊತ್ತುಮಾಡಿ ಕೊಡುವುದಾಗಿ ಆಚಾರ್ರು ಒಪ್ಪಿದ್ದಾರೆ.